ದವಾಖಾನೆಯ ಅಂಗಳದಲ್ಲಿ ಭೀಮಣ್ಣನ ಕಂಬಳಿ

ಬೆಳಗಿನ ಐದೂವರೆ. ದುಧನಿ ಕಡೆಯಿಂದ ಬರುವ ಮೊದಲ ಎಸ್.ಟಿ. ಬಸ್ಸಿಗೆ ಇನ್ನೂ ಮುಕ್ಕಾಲು ತಾಸು ಇದೆ. ಅಕ್ಕಲಕೋಟ ತಾಲೂಕಿನ ಒಂದು ಸರಕಾರಿ ದವಾಖಾನೆಯ ಅಂಗಳದಲ್ಲಿ ಖಾಕಿ ಅಂಗಿ ತೊಟ್ಟವರೊಬ್ಬರು ಹುಣಸೆ ಮರದ ಬುಡವನ್ನು ಗುಡಿಸುತ್ತಿದ್ದಾರೆ. ಉದುರಿದ ಎಲೆ, ಬೀಡಿಯ ತುಂಡು, ನಿನ್ನೆ ಯಾರೋ ಕಟ್ಟಿಕೊಂಡು ಬಂದಿದ್ದ ರೊಟ್ಟಿಯ ಚೂರು ಎಲ್ಲವನ್ನೂ ಒಂದು ಬದಿಗೆ ಮಾಡಿ, ಕೊಡದಿಂದ ನೀರು ಚಿಮುಕಿಸುತ್ತಾರೆ. ಧೂಳು ಕೂತ ಮೇಲೆ ಬಗಲಲ್ಲಿದ್ದ ಕರಿ ಕಂಬಳಿಯನ್ನು ಎರಡು ಸಲ ಕೊಡವಿ ಹಾಸುತ್ತಾರೆ. ನಾಲ್ಕೂ ಮೂಲೆ ಎಳೆದು ಸರಿಮಾಡುತ್ತಾರೆ. ಆಮೇಲೆ ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು, ಕುಲದೇವರು ಬೀರೋಬನ ಹೆಸರು ಹೇಳಿ, ಕಂಬಳಿಯ ಅಂಚಿಗೆ ಇಡುತ್ತಾರೆ. ಕರಿ ಉಣ್ಣೆಯ ಮೇಲೆ ಆ ಅರಿಸಿನದ ಪುಡಿ ಮಸುಕು ಬೆಳಕಿನಲ್ಲೂ ಎದ್ದು ಕಾಣುತ್ತದೆ.

ಇವರು ಭೀಮಣ್ಣ. ಹಾಜರಿ ಪಟ್ಟಿಯಲ್ಲಿ ‘ಭೀಮಣ್ಣ ಬೀರಪ್ಪ ಪೂಜಾರಿ, ಪಟ್ಟೇವಾಲಾ’, ಅಂದರೆ ಜವಾನ. ವಯಸ್ಸು ನಲವತ್ತೆಂಟು, ನೌಕರಿಗೆ ಇಪ್ಪತ್ತೊಂದು. ದವಾಖಾನೆ ಯಾವ ಊರಿನದು ಎಂದು ಬರೆಯುವುದು ಬೇಡ ಎಂದು ಅವರೇ ಕೇಳಿಕೊಂಡಿದ್ದಾರೆ. “ಹೆಸರ ಬರದ್ರ ಡಾಕ್ಟರಗ ತ್ರಾಸ ಆಗತೈತ್ರಿ. ಅವರೇನ್ ಕೆಟ್ಟ ಮನಿಷ್ಯಾ ಅಲ್ಲ. ತಪ್ಪ ನಂದಿತ್ತು,” ಎನ್ನುತ್ತಾರೆ. ಆ ತಪ್ಪಿನ ಕಥೆ ಮುಂದೆ ಬರುತ್ತದೆ. ಅದನ್ನು ಬಿಟ್ಟು ಬರೆಯಬಾರದು ಎಂಬುದು ಅವರ ಎರಡನೆಯ ಕೋರಿಕೆ.

ಬಸ್ಸು ಬಂದು ಧೂಳೆಬ್ಬಿಸಿ ನಿಲ್ಲುತ್ತದೆ. ಇಳಿದವರು ಒಬ್ಬೊಬ್ಬರಾಗಿ ಮರದ ಕಡೆಗೇ ಬರುತ್ತಾರೆ. ಮೊಣಕಾಲು ಹಿಡಿದುಕೊಂಡು ಬಂದ ಗುರಮ್ಮ ಎಂಬ ಮುದುಕಿ ಕಂಬಳಿಯ ಮೇಲೆ ಕೂರುವ ಮೊದಲು ಅದನ್ನು ಬೆರಳಿನಿಂದ ಮುಟ್ಟಿ ನೋಡುತ್ತಾಳೆ.

“ಏ ಭೀಮಣ್ಣ, ಇದರಾಗ ತಿಗಣಿ ಅದಾವೇನೋ?”

“ಅದಾವ ಆಯಿ. ಖರೇ ಹೇಳಿದವರಿಗೆ ಕಡ್ಯಾಂಗಿಲ್ಲ.”

“ಹಂಗಾರ ಮೊದಲ ನಿನ್ನ ಹೇಣ್ತಿನ್ನ ತಂದ ಕುಂಡ್ರಸು.”

“ಆಕಿ ಇಲ್ಲಿ ಕುಂತಳಂದ್ರ ನನ್ನ ನೌಕರಿ ಹೋಗತೈತಿ.”

ಸುತ್ತ ನಿಂತವರು ನಗುತ್ತಾರೆ. ಗುರಮ್ಮ ಕೂರುತ್ತಾಳೆ. ಭೀಮಣ್ಣ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಮೂರು ಪ್ರಶ್ನೆ ಕೇಳುತ್ತಾರೆ: ಏನಾಗಿದೆ? ಎಷ್ಟು ದಿನವಾಯಿತು? ಹೋದ ಸಲ ಕೊಟ್ಟ ಗುಳಿಗೆ ಹಿಡಿಸಿತೇ, ಇಲ್ಲವೇ? ಮೂರನೆಯದನ್ನು ಅವರು ಎರಡು ಸಲ ಕೇಳುತ್ತಾರೆ. ಮೊದಲ ಸಲ ಎಲ್ಲರೂ ಹಿಡಿಸಿತು ಎಂದೇ ಹೇಳುತ್ತಾರಂತೆ.

ಕೇಸ್ ಪೇಪರ್ ಬರೆಯುವ ಕಿಟಕಿ ತೆರೆಯುವುದು ಎಂಟಕ್ಕೆ. ಡಾಕ್ಟರು ಬರುವುದು ಎಂಟೂವರೆಗೆ. ಅಷ್ಟರಲ್ಲಿ ಭೀಮಣ್ಣ ಕುಡಿಯುವ ನೀರಿನ ಪೀಪಾಯಿ ತುಂಬಿ, ಡ್ರೆಸಿಂಗ್ ಕೋಣೆಯ ನೆಲ ಒರೆಸಿ, ಕಂಬಳಿಯ ಮೇಲೆ ಕೂತು ಎದ್ದ ಮೂವತ್ತು ನಲವತ್ತು ಜನರ ಮಾತನ್ನು ತಲೆಯಲ್ಲಿ ಇಟ್ಟುಕೊಂಡಿರುತ್ತಾರೆ. ಅವರಿಗೆ ಓದು ಬರುವುದಿಲ್ಲ. ಸಹಿ ಮಾತ್ರ ಮಾಡುತ್ತಾರೆ, ಅದೂ ಮರಾಠಿಯಲ್ಲಿ. “ಕುರಿ ಕಾಯಾವ್ನಿಗೆ ನೂರ ಕುರಿ ಮಾರಿ ನೆನಪ ಇರತಾವ್ರಿ. ಇದ ಅದರಕಿಂತ ಸರಳ. ಮಂದಿ ಮಾರಿ ಬ್ಯಾರೆ ಬ್ಯಾರೆ ಇರತಾವ,” ಎನ್ನುತ್ತಾರೆ.

ದಿನಕ್ಕೆ ನೂರೈವತ್ತು ರೋಗಿಗಳು; ಸಂತೆಯ ದಿನ ಇನ್ನೂರು ದಾಟುತ್ತದೆ. ಡಾಕ್ಟರು ಒಬ್ಬರೇ. ಅವರು ಸಾತಾರಾ ಕಡೆಯವರು, ಮಾತು ಮರಾಠಿ. ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕನ್ನಡದವರು. ಮರಾಠಿ ಗೊತ್ತಿದ್ದವರೂ ನೋವಿನ ಹೊತ್ತಿನಲ್ಲಿ ಅದನ್ನು ಮರೆಯುತ್ತಾರೆ. ಮುಂಜಾನೆಯ ಮೂರೂವರೆ ತಾಸಿನಲ್ಲಿ ಎಲ್ಲರನ್ನೂ ನೋಡಬೇಕೆಂದರೆ ಸಂತೆಯ ದಿನ ಒಬ್ಬೊಬ್ಬರಿಗೆ ಸಿಗುವುದು ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಮಾತು ಕನ್ನಡದಿಂದ ಮರಾಠಿಗೆ ಹೋಗಿ, ಮರಾಠಿಯಿಂದ ಕನ್ನಡಕ್ಕೆ ಮರಳಬೇಕು. ಹೋಗಿ ಬರುವ ದಾರಿ ಭೀಮಣ್ಣ. ಇದು ಪಟ್ಟೇವಾಲಾನ ಕೆಲಸಗಳ ಯಾದಿಯಲ್ಲಿ ಎಲ್ಲಿಯೂ ಇಲ್ಲ.

ಈ ಕೆಲಸ ಅವರಿಗೆ ಬಂದದ್ದು ಒಂದು ಕುರಿಮರಿಯಿಂದ. ಊರು ಚಪಳಗಾಂವ, ತಂದೆ, ಅಜ್ಜ, ಮುತ್ತಜ್ಜ ಎಲ್ಲರೂ ಕುರಿಗಳ ಹಿಂದೆ ನಡೆದವರು. ಇಪ್ಪತ್ತೇಳರ ಹರೆಯದಲ್ಲಿ ಹಾಳು ಬಾವಿಗೆ ಬಿದ್ದ ಮರಿಯೊಂದನ್ನು ಎತ್ತಲು ಇಳಿದವರು ಕಲ್ಲು ಜಾರಿ ತಾವೇ ಬಿದ್ದರು. ತೊಡೆಯ ಮೂಳೆ ಮುರಿಯಿತು. ಆಗಿನ ಡಾಕ್ಟರು ಕಾಲಿಗೆ ಇಟ್ಟಿಗೆಯ ಭಾರ ಕಟ್ಟಿ, ಮೇಲಕ್ಕೆತ್ತಿ, ಹನ್ನೆರಡು ವಾರ ಇದೇ ದವಾಖಾನೆಯ ಮಂಚದ ಮೇಲೆ ಮಲಗಿಸಿದರು.

“ಕಾಲ ಮ್ಯಾಲ ಕಟ್ಟಿದ್ರು, ಕೈಗೆ ಕೆಲಸ ಇರಲಿಲ್ಲ. ನಾಲಿಗಿ ಒಂದ ಖುಲ್ಲಾ ಇತ್ತ ನೋಡ್ರಿ,” ಎಂದು ನಗುತ್ತಾರೆ. ಪಕ್ಕದ ಮಂಚದವರಿಂದ, ಸಿಸ್ಟರರಿಂದ ಮರಾಠಿ ಕಲಿತರು. ಒಂದು ತಿಂಗಳೊಳಗೆ ಆ ಸಾಲಿನ ಎಂಟು ಮಂಚಗಳ ಮಾತನ್ನೂ ಮಲಗಿದಲ್ಲಿಂದಲೇ ಡಾಕ್ಟರಿಗೆ ತಿಳಿಸುತ್ತಿದ್ದರು. ಗುಣವಾಗಿ ಹೊರಡುವ ದಿನ ಡಾಕ್ಟರು, “ನೀನು ಹೋದರೆ ನನಗೆ ಕಿವಿ ಇಲ್ಲದಂತಾಗುತ್ತದೆ, ಇಲ್ಲೇ ಇರು,” ಎಂದರಂತೆ. ಮೊದಲು ದಿನಗೂಲಿ, ನಾಲ್ಕು ವರ್ಷದ ಮೇಲೆ ಕಾಯಂ. ಆ ಮರಿ ಏನಾಯಿತು ಎಂದು ಕೇಳಿದರೆ ಕಂಬಳಿಯನ್ನು ತಟ್ಟಿ ತೋರಿಸುತ್ತಾರೆ. “ಬದಕಿತ್ರಿ. ಅದರ ಮೊಮ್ಮಕ್ಕಳ ಉಣ್ಣಿ ಇದು.”

ಈ ಸೀಮೆಯ ರೋಗಿಗಳ ನಡತೆಯ ಬಗ್ಗೆ ಒಂದು ಮಾತು ಹೇಳದೆ ಮುಂದಿನ ಕಥೆ ತಿಳಿಯುವುದಿಲ್ಲ. ಇಲ್ಲಿ ‘ಹ್ಯಾಂಗ ಇದ್ದೀರಿ’ ಎಂದು ಯಾರೇ ಕೇಳಲಿ, ‘ಆರಾಮ’ ಎನ್ನುವುದು ಮರ್ಯಾದೆ. ಕೇಳಿದವರು ಡಾಕ್ಟರಾದರೂ ಅಷ್ಟೇ. ಎರಡು ವರ್ಷದ ಹಿಂದೆ ಚಪಳಗಾಂವದ ಮಲ್ಲಯ್ಯ ಎಂಬವರು ಬಂಡಿಯಿಂದ ಬಿದ್ದು, ಹೆಗಲ ಮುಂದಿನ ಎಲುಬು ಮುರಿದುಕೊಂಡು ಬಂದಿದ್ದರು. ಡಾಕ್ಟರು, “ಕಸಂ ಆಹೆ ಬಾಬಾ?” ಎಂದರು. ಭೀಮಣ್ಣ ಅದನ್ನು ಕನ್ನಡದಲ್ಲಿ ಕೇಳಿದರು. ಮಲ್ಲಯ್ಯ ಒಂದು ಕೈಯಲ್ಲಿ ಇನ್ನೊಂದು ಕೈ ಹಿಡಿದುಕೊಂಡೇ, “ಆರಾಮ ಅದೀನ್ರಿ. ಸಾಹೇಬರ ಮನ್ಯಾಗ ಎಲ್ಲಾರೂ ಆರಾಮ?” ಎಂದರು. ಭೀಮಣ್ಣ ಅದನ್ನೂ ಇದ್ದ ಹಾಗೆಯೇ ಮರಾಠಿಯಲ್ಲಿ ಹೇಳಿದರು. ಡಾಕ್ಟರು ಎಲ್ಲರೂ ಕ್ಷೇಮವೆಂದು ಹೇಳಿ ಮುಂದಿನವರನ್ನು ಕರೆದರು. ಮಲ್ಲಯ್ಯ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ನರಳಿದ ಮೇಲೆಯೇ ಎಲುಬು ಮುರಿದದ್ದು ಗೊತ್ತಾಯಿತು.

ಇನ್ನೊಂದು ಸಂಗತಿಯನ್ನು ಭೀಮಣ್ಣ ತಾವಾಗಿಯೇ ಒಪ್ಪಿಕೊಳ್ಳುತ್ತಾರೆ. ರೋಗಿಗಳು ಮರ್ಯಾದೆಗೆ ಕಡಿಮೆ ಹೇಳುತ್ತಿದ್ದರು. ಅವರು ಹೇಳಿದ್ದರಲ್ಲೂ ಒರಟಾದದ್ದನ್ನು ಇವರು ತೆಗೆದುಹಾಕುತ್ತಿದ್ದರು. ಗುಳಿಗೆಯಿಂದ ಏನೂ ಆಗಲಿಲ್ಲ ಎಂದು ರೋಗಿ ಅಂದರೆ ಇವರು ‘ಸ್ವಲ್ಪ ಗುಣ ಕಡಿಮೆ’ ಎನ್ನುತ್ತಿದ್ದರು. ಡಾಕ್ಟರು ಬೈದರೆ ರೋಗಿಗೆ ಅದನ್ನು ಬುದ್ಧಿಮಾತು ಮಾಡಿ ಮುಟ್ಟಿಸುತ್ತಿದ್ದರು. “ನಾ ಮಾತಿಗೆ ಇಸ್ತ್ರಿ ಮಾಡತಿದ್ನಿರಿ. ಎರಡೂ ಕಡೆ ಯಾರಿಗೂ ಚುಚ್ಚಬಾರದು ಅಂತ. ನನ್ನ ಕಾಲ ಉಳಿಸಿದ ಮನಿ ಇದು. ಈ ಮನ್ಯಾಗ ಕುಂತ ಈ ಮನಿ ಸೂಜಿ ಬರೋಬರ ಇಲ್ಲ ಅಂತ ಹ್ಯಾಂಗ ಅನ್ಲಿ?”

ಕಳೆದ ವರ್ಷ, ಅಂದರೆ ೧೯೭೭ರ ಚುನಾವಣೆಗಳ ಗದ್ದಲ ಮುಗಿದ ಮೇಲೆ, ಮುಂಬಯಿಯ ವಿಧಾನಸಭೆಯ ಸದಸ್ಯರೊಬ್ಬರು ಒಂದು ಖಾಸಗಿ ಮಸೂದೆಯ ಕರಡು ಮಾಡಿದರು. ಸರಕಾರಿ ದವಾಖಾನೆಗಳಲ್ಲಿ ತಿಂಗಳಿಗೊಮ್ಮೆ ರೋಗಿಗಳ ಸಭೆ ಕರೆಯಬೇಕು; ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು; ತಿಂಗಳೊಳಗೆ ಉತ್ತರ ಕೊಡಬೇಕು; ಸಲಹಾ ಸಮಿತಿಯಲ್ಲಿ ರೋಗಿಗಳಿಗೂ ಎರಡು ಜಾಗ ಇರಬೇಕು. ಕರಡಿನ ತಿರುಳು ಇಷ್ಟೇ. ಮಂಡಿಸುವ ಮೊದಲು ಬೇರೆ ಬೇರೆ ಜಿಲ್ಲೆಗಳ ಕೆಲವು ದವಾಖಾನೆಗಳಲ್ಲಿ ಮೂರು ಸಭೆ ನಡೆಸಿ ವರದಿ ತರಿಸಿಕೊಳ್ಳಲು ಅನುಮತಿ ಪಡೆದರು. ಈ ದವಾಖಾನೆಯೂ ಅದರಲ್ಲಿ ಒಂದು. ವರದಿಯಲ್ಲಿ ಏನೂ ಇಲ್ಲದಿದ್ದರೆ, ರೋಗಿಗಳಿಗೇ ತಕರಾರಿಲ್ಲ, ಕಾಯ್ದೆ ಯಾರಿಗೆ ಬೇಕು ಎನ್ನಲು ಜನ ಕಾದಿದ್ದರು.

ಇಲ್ಲಿಯ ಸಲಹಾ ಸಮಿತಿಯ ಅಧ್ಯಕ್ಷರು ಸೋಲಾಪುರದ ಚಾದರ ವ್ಯಾಪಾರಿ ಸಾತಲಿಂಗಪ್ಪನವರು. ಮನೆಮಾತು ಕನ್ನಡ, ಅಂಗಡಿಮಾತು ಮರಾಠಿ. ಹನ್ನೊಂದು ವರ್ಷದಿಂದ ಸಮಿತಿಯಲ್ಲಿದ್ದಾರೆ. “ಆಗಸ್ಟ ಹದಿನೈದಕ್ಕ ಬಾಳಿಹಣ್ಣ ಹಂಚೂದನ್ನ ಸಲಹಾ ಅಂತ ತಿಳದಿದ್ನಿ,” ಎಂದು ಈಗ ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಾರೆ. ಅವರಾಗಲಿ, ಸಮಿತಿಯ ಉಳಿದ ನಾಲ್ವರಾಗಲಿ ಜ್ವರ ಬಂದಾಗ ಈ ದವಾಖಾನೆಗೆ ಬಂದವರಲ್ಲ.

ಮೊದಲ ಸಭೆ ಒಳಗಿನ ಹಾಲಿನಲ್ಲಿ ನಡೆಯಿತು. ಸಮಿತಿಯವರಿಗೆ ಐದು ಕುರ್ಚಿ, ಬರೆದುಕೊಳ್ಳುವ ಕಾರಕೂನರಿಗೆ ಒಂದು ಟೇಬಲ್ಲು. ರೋಗಿಗಳು ಗೋಡೆಯ ಉದ್ದಕ್ಕೂ ನಿಂತಿದ್ದರು. ಸಾತಲಿಂಗಪ್ಪನವರು ಒಳ್ಳೆಯ ದನಿಯಲ್ಲಿಯೇ ಕೇಳಿದರು: “ನಿಮಗ ಏನಾರ ತಕರಾರ ಐತೇನು?”

“ಏನಿಲ್ರೀ ಸಾವಕಾರ್ರ. ಎಲ್ಲಾ ಚಂದ ಐತ್ರಿ.”

ಕಾರಕೂನರು ‘ತಕ್ರಾರ ನಾಹಿ’, ತಕರಾರಿಲ್ಲ, ಎಂದು ಬರೆದು ಗೆರೆ ಎಳೆದರು. ಅರ್ಧ ತಾಸಿನ ನಂತರ ಅದೇ ಜನ ನಳದ ಹತ್ತಿರ ಮಾತಾಡುತ್ತಿದ್ದುದನ್ನು ಭೀಮಣ್ಣ ಕೇಳಿಸಿಕೊಂಡರು. ಬಾಟಲಿ ತಂದಿಲ್ಲವೆಂದು ಒಬ್ಬರಿಗೆ ಔಷಧ ಕೊಡದೆ ಕಳಿಸಿದ್ದರು. ಇನ್ನೊಬ್ಬಾಕೆ ಗಂಡಸರ ಎದುರಿಗೇ ಸೆರಗು ಸರಿಸಿ ತೋರಿಸಬೇಕಾಗಿ ಬಂದು, ಆಮೇಲೆ ಈ ಕಡೆ ಬರುವುದನ್ನೇ ಬಿಟ್ಟಿದ್ದಳು. ಒಳಗೆ ಯಾಕೆ ಹೇಳಲಿಲ್ಲ ಎಂದು ಭೀಮಣ್ಣ ಕೇಳಿದಾಗ, ನಳದ ಹತ್ತಿರವಿದ್ದವರೆಲ್ಲ ಅವರನ್ನು ಬೆಪ್ಪನನ್ನು ನೋಡುವಂತೆ ನೋಡಿದರು.

“ಹಿಂದಕ ಹೆಸರ ಬರಕೊಂಡ ಹೋದವರು ಏನ್ ಮಾಡಿದ್ರು ಮರತಿಯೇನ್ ಮಾವ?” ಎಂದ ಒಬ್ಬ. “ಎಮರ್ಜನ್ಸ್ಯಾಗ ಮಕ್ಕಳಾಗದಂಗ ಮಾಡೂ ಆಪರೇಶನ್ ಕ್ಯಾಂಪಿನ ಗಾಡಿ ಬಂತಂದ್ರ ನಾವು ಜ್ವಾಳದ ಹೊಲದಾಗ ಮಕ್ಕೋತಿದ್ವಿ. ಈಗ ಅದ ಪೆನ್ನ, ಅದ ಕಾಗದ. ನಮಗೇನ್ ತಲಿ ಕೆಟ್ಟೈತಿ?”

ಎರಡನೆಯ ಸಭೆಯಲ್ಲಿಯೂ ‘ತಕ್ರಾರ ನಾಹಿ’. ಉಳಿದದ್ದು ಒಂದೇ ಸಭೆ. ಭೀಮಣ್ಣನಿಗೆ ಊಟ ಸೇರದಾಯಿತು. ಕಾಯ್ದೆಯ ಕಲಮುಗಳೇನೂ ಅವರಿಗೆ ತಿಳಿದಿರಲಿಲ್ಲ. ತಮ್ಮ ಕಿವಿಗೆ ಬೀಳುವುದೆಲ್ಲ ಇಲ್ಲವೆಂದು ಸರಕಾರಿ ಕಾಗದದಲ್ಲಿ ಬರೆಯಲಾಗುತ್ತಿದೆ ಎಂಬುದಷ್ಟೇ ತಿಳಿದಿತ್ತು. ಹೆಂಡತಿ ಸುಗಲಾಬಾಯಿ ಒಂದು ದಿನ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡು, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಹೇಳಿದರು: “ಗ್ವಾಡಿಗೆ ನಿಂದರಿಸಿ ಕೇಳಿದ್ರ ಯಾವಾಕಿ ಹೇಳ್ಯಾಳ? ಕಳ್ಳರನ್ನ ಕೇಳಿದಂಗ. ನಮ್ಮಾಗ ನ್ಯಾಯ ಹ್ಯಾಂಗ ಮಾಡತಾರ ಅನ್ನೂದು ಮರತಿ ಏನು? ಖಾಕಿ ಅಂಗಿ ಹಾಕ್ಕೊಂಡ ಕಂಬಳಿ ಮರತಿ ನೀ.”

ಅವರ ಕುರುಬ ಮನೆತನಗಳಲ್ಲಿ ಮಂದೆಯ ಜಗಳ, ಪಾಲಿನ ಜಗಳ, ಗಂಡಹೆಂಡಿರ ಜಗಳ ಏನೇ ಬಂದರೂ ಕಂಬಳಿ ಹಾಸಿ ಭಂಡಾರ ಇಡುತ್ತಾರೆ. ಅದರ ಮೇಲೆ ಕೂತವರು ಸುಳ್ಳು ಹೇಳುವಂತಿಲ್ಲ, ಮರ್ಯಾದೆಗೆಂದು ಮುಚ್ಚಿಡುವಂತೆಯೂ ಇಲ್ಲ. ಕೇಳಿದವರು ಸಿಟ್ಟಾಗುವಂತಿಲ್ಲ, ಎದ್ದ ಮೇಲೆ ಆ ಮಾತಿಗೆ ಸೇಡು ಇಟ್ಟುಕೊಳ್ಳುವಂತಿಲ್ಲ. ತಪ್ಪಿದವರಿಗೆ ಬೀರೋಬನ ಗುಡಿಯಲ್ಲಿ ಭಂಡಾರ ಸಿಗುವುದಿಲ್ಲ.

ಮರುದಿನ ಭೀಮಣ್ಣ ಸಾತಲಿಂಗಪ್ಪನವರನ್ನು ಕಂಡು, ಮೂರನೆಯ ಸಭೆಯನ್ನು ಮರದ ಕೆಳಗೆ ಕಂಬಳಿ ಹಾಸಿ ನಡೆಸೋಣ ಎಂದರು. ಕಾರಕೂನರು ಇದು ಸರಕಾರಿ ಪದ್ಧತಿ ಅಲ್ಲ ಎಂದರು. ಡಾಕ್ಟರು, ಮರದ ಕೆಳಗೆ ಗಾಳಿಯಾದರೂ ಇದೆ, ಆಗಲಿ ಎಂದರು. ಹೀಗೆ ಕಳೆದ ಶ್ರಾವಣದ ಒಂದು ಗುರುವಾರ ಮೂರನೆಯ ಸಭೆ ಹುಣಸೆ ಮರದ ಕೆಳಗೆ ಸೇರಿತು. ಕುರ್ಚಿಗಳನ್ನು ಹೊರಗೆ ತಂದಿದ್ದರು. ಸಾತಲಿಂಗಪ್ಪನವರು ಕಂಬಳಿಯನ್ನು ನೋಡಿ, ತಮ್ಮ ಕುರ್ಚಿ ನೋಡಿ, ಚಪ್ಪಲಿ ಬಿಟ್ಟು ನೆಲದ ಮೇಲೆಯೇ ಕೂತರು. ಅವರನ್ನು ನೋಡಿ ಉಳಿದವರೂ ಕೂತರು. ಬರೆಯಬೇಕಾದ್ದರಿಂದ ಕಾರಕೂನರು ಮಾತ್ರ ಟೇಬಲ್ಲು ಬಿಡಲಿಲ್ಲ. ಡಾಕ್ಟರು ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದರು.

ತುಸು ಹೊತ್ತು ಕಂಬಳಿ ಖಾಲಿಯೇ ಇತ್ತು. ಆಮೇಲೆ ಹಿಂದಿನಿಂದ ಒಬ್ಬ ಹೆಂಗಸು ಬಂದು, ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಂಡು ಕೂತರು. ಅವರು ಜನಾಬಾಯಿ, ಚಪಳಗಾಂವದ ಆಚೆ ಕುರಿ ಸಾಕುವ ಮನೆಯವರು, ಐವತ್ತರ ಆಸುಪಾಸು.

“ಇದರ ಮ್ಯಾಲ ಅಂದದ್ದಕ್ಕ ಯಾರೂ ಸಿಟ್ಟ ಆಗಬಾರದು. ಹೌದಿಲ್ಲೋ ಭೀಮಣ್ಣ?”

“ಹೌದ ಯಕ್ಕಾ.”

“ಯಾರೂ?”

“ಯಾರೂ.”

“ಹಂಗಾರ ನನ್ನ ತಕರಾರ ನಿನ್ನ ಮ್ಯಾಲೇ ಐತಿ.”

ಜನಾಬಾಯಿ ಹೇಳಿದ್ದು ಇದು. ಹಿಂದಿನ ವರ್ಷ ಅವರ ಗಂಡ ತುಕಾರಾಮನಿಗೆ ಜ್ವರ ಬಂದು ಇಲ್ಲಿಗೆ ಕರೆತಂದಿದ್ದರು. ಮೊದಲ ದಿನ ಸೊಂಟದ ಕೆಳಗೆ ಎಡಬದಿಗೆ ಸೂಜಿ ಮಾಡಿದರು. “ಮಾಡಿದ ಕೂಡ್ಲೆ ಕಾಲಾಗ ಮಿಂಚ ಹೊಡದಂಗಾತು ಅಂದ. ಬೆರಳ ತನಕ ಜೋಮು ಹಿಡಿತು. ಮರದಿನಾ ಬಂದ ನಾನ ಹೇಳಿದ್ನಿ, ಸೂಜಿ ಬ್ಯಾಡ್ರಿ, ಕಾಲ ಸತ್ತಂಗಾಗೈತಿ, ಚಿವುಟಿದ್ರ ತಿಳಿವಲ್ದು ಅಂತ. ನಾ ಇಷ್ಟುದ್ದ ಹೇಳಿದೆ. ನೀ ಡಾಕ್ಟರಗ ಇಷ್ಟ ಹೇಳಿದಿ.” ಕೈಯನ್ನು ಚಾಚಿ ಉದ್ದ ತೋರಿಸಿ, ಮತ್ತೆ ಎರಡು ಬೆರಳಲ್ಲಿ ಗಿಡ್ಡ ತೋರಿಸಿದರು. “ಡಾಕ್ಟರು ಗೋಣ ಹಾಕಿದ್ರು. ಮತ್ತ ಅದ ಮಗ್ಗಲಿಗೆ ಸೂಜಿ ಆತು. ಅದರ ಮರದಿನಾನೂ ಆತು. ನಾ ಡಾಕ್ಟರನ್ನ ನೋಡಲೇ ಇಲ್ಲ. ನಿನ್ನ ಮಾರೀನ ನೋಡಕೋತ ನಿಂತಿದ್ನಿ. ನೀ ಎಲ್ಲಾ ಹೇಳವಲ್ಲಿ ಅನ್ನೂದು ಅದರಾಗ ಕಾಣತಿತ್ತು. ಈಗ ನನ್ನ ಗಂಡ ಕಾಲ ಎಳಕೋತ ಅಂಗಳ ದಾಟತಾನ. ಕುರಿ ಹಿಂದ ನಾ ಹೊಂಟೀನಿ.”

ಕಾರಕೂನರಿಗೆ ಕನ್ನಡ ತಿಳಿಯದು. “ಕಾಯ ಮ್ಹಣತೇ ತೀ?” ಎಂದು ಭೀಮಣ್ಣನನ್ನು ಕೇಳಿದರು. ಏನನ್ನುತ್ತಿದ್ದಾಳೆ ಆಕೆ ಎಂದು ಮರಾಠಿಯಲ್ಲಿ ತಿಳಿಸುವುದು ಇಪ್ಪತ್ತು ವರ್ಷದಿಂದ ಭೀಮಣ್ಣನ ಕೆಲಸ. ಅಂದೂ ಎಲ್ಲರೂ ಅವರ ಕಡೆಗೇ ತಿರುಗಿದರು.

ಸಾತಲಿಂಗಪ್ಪನವರು ಆ ಕ್ಷಣವನ್ನು ನೆನೆದು ಹೇಳುತ್ತಾರೆ: “ನಾನ ಹೇಳೂಣು ಅಂತ ಬಾಯಿ ತಗದಿದ್ನಿರಿ. ಆ ಮನಿಷ್ಯಾನ ಮಾರಿ ನೋಡಲಾಕ ಆಗಲಿಲ್ಲ. ಆದ್ರ ಅಂವ ಕೈ ಮಾಡಿ ನನ್ನ ತಡದ.” ಭೀಮಣ್ಣ ಡಾಕ್ಟರ ಕಡೆ ತಿರುಗಿ ಮರಾಠಿಯಲ್ಲಿ ಎರಡು ವಾಕ್ಯ ಹೇಳಿದರು. ಸೂಜಿಯಿಂದ ಗಂಡನ ಕಾಲಿಗೆ ತೊಂದರೆಯಾಗಿದೆಯಂತೆ. ನಾನು ಸರಿಯಾಗಿ ತಿಳಿಸಲಿಲ್ಲವಂತೆ.

“ಇಷ್ಟನ?” ಎಂದರು ಜನಾಬಾಯಿ. “ಭೀಮಣ್ಣ, ಮತ್ತ ಸಣ್ಣದಾತು.”

ಯಾರೋ ನಕ್ಕರು. ಅವರ ಹಿಂದೆ ಇನ್ನಷ್ಟು ಜನ ನಕ್ಕರು. ಭೀಮಣ್ಣ ನಗಲಿಲ್ಲ. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಜನಾಬಾಯಿಯ ಪಕ್ಕಕ್ಕೆ ಕಂಬಳಿಯ ಮೇಲೆ ಕೂತು, ಮೊದಲಿನಿಂದ ಹೇಳತೊಡಗಿದರು. ಈ ಸಲ ಮಿಂಚು ಬಂತು, ಜೋಮು ಬಂತು, ಚಿವುಟಿದರೆ ತಿಳಿಯದ ಕಾಲು ಬಂತು, ಬೇಡವೆಂದರೂ ಮಾಡಿದ ಎರಡು ಸೂಜಿ ಬಂದವು. ಕೊನೆಗೆ, ಜನಾಬಾಯಿ ಹೇಳದೆ ಇದ್ದ ಒಂದು ಮಾತನ್ನು ತಾವೇ ಸೇರಿಸಿದರು. ಅಂದು ಡಾಕ್ಟರಿಗೆ ತಾನು ಹೇಳಿದ್ದು ‘ಥೋಡಂ ದುಖತಂಯ’, ತುಸು ನೋಯುತ್ತದಂತೆ, ಎಂಬ ಎರಡೇ ಶಬ್ದ.

ಕಾರಕೂನರು ಪೆನ್ನು ಎತ್ತಿ ಹಿಡಿದಿದ್ದರು. ಇದು ನೌಕರನ ಮೇಲಿನ ವಿಷಯ, ಬರೆದರೆ ಹೆಸರು ಸಹಿತ ಮುಂಬಯಿಯವರೆಗೆ ಹೋಗುತ್ತದೆ, ಬೇಡವೆಂದರೆ ಬಿಡೋಣ ಎಂದು ಅವರು ಮೆಲ್ಲಗೆ ಮರಾಠಿಯಲ್ಲಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

“ಲಿಹಾ ಸಾಹೇಬ,” ಎಂದರು ಭೀಮಣ್ಣ. ಬರೀರಿ.

ಅಂದು ಮಧ್ಯಾಹ್ನ ಎರಡರವರೆಗೆ ಮೂವತ್ತನಾಲ್ಕು ಜನ ಕಂಬಳಿಯ ಮೇಲೆ ಕೂತು ಎದ್ದರು. ನಳದ ಹತ್ತಿರದ ಮಾತುಗಳೆಲ್ಲ ಕಾಗದಕ್ಕೆ ಬಂದವು. ಬಾಟಲಿಯ ವಿಷಯ, ಪರದೆ ಇಲ್ಲದ ತಪಾಸಣೆಯ ವಿಷಯ, ಎರಡನೆಯ ಬಸ್ಸಿಗೆ ಬಂದವರಿಗೆ ಕಿಟಕಿ ಮುಚ್ಚಿರುವ ವಿಷಯ. ಜೋಳದ ಹೊಲದಲ್ಲಿ ಮಲಗುತ್ತಿದ್ದವನೂ ಕೂತು ಮಾತಾಡಿದ. ಪಟ್ಟೇವಾಲಾ ತನ್ನ ಮೇಲಿನದನ್ನೇ ಬರೆಸಿದ ಮೇಲೆ ಉಳಿದವರಿಗೆ ಪೆನ್ನಿನ ಹೆದರಿಕೆ ಹೋಗಿತ್ತು. ಮರುದಿನದಿಂದ ಭೀಮಣ್ಣ ದಿನವೂ ಬೆಳಿಗ್ಗೆ ಮರದ ಕೆಳಗೆ ಕಂಬಳಿ ಹಾಸತೊಡಗಿದರು.

ಡಾಕ್ಟರು ನಾಲ್ಕು ದಿನ ಭೀಮಣ್ಣನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಐದನೆಯ ದಿನ ತುಕಾರಾಮನನ್ನು ಕರೆಸಿ, ಅರ್ಧ ತಾಸು ಕಾಲನ್ನು ಬಡಿದು, ಚುಚ್ಚಿ, ಎತ್ತಿಸಿ ನೋಡಿದರು. ನರಕ್ಕೆ ಪೆಟ್ಟಾಗಿದೆ, ಮೊದಲ ದಿನವೇ ಗೊತ್ತಾಗಿದ್ದರೆ ಆ ಬದಿಗೆ ಮತ್ತೆ ಸೂಜಿ ಮಾಡುತ್ತಿರಲಿಲ್ಲ ಎಂದರು. ತಾವೇ ಪತ್ರ ಬರೆದು ಸೋಲಾಪುರದ ದೊಡ್ಡ ಡಾಕ್ಟರ ಬಳಿಗೆ ಕಳಿಸಿದರು. ಅಲ್ಲಿ ಪಾದ ಜೋತುಬೀಳದಂತೆ ಹಿಡಿಯುವ ಕಬ್ಬಿಣದ ಪಟ್ಟಿಯ ಬೂಟು ಸಿಕ್ಕಿತು. ತುಕಾರಾಮ ಈಗ ಕೋಲು ಊರಿ ಊರೊಳಗೆ ಅಡ್ಡಾಡುತ್ತಾರೆ. ಕುರಿಗಳ ಹಿಂದೆ ಹೋಗುವುದು ಆಗುವುದಿಲ್ಲ. ಅದು ಮರಳಿ ಬರಲಾರದು ಎಂದು ಡಾಕ್ಟರೇ ಹೇಳಿದ್ದಾರೆ. ಜೋಮು ಎಂಬುದು ಡಾಕ್ಟರು ಕಲಿತ ಮೊದಲ ಕನ್ನಡ ಶಬ್ದ. ಈಗ ಸೂಜಿ ಮಾಡಿಸಿಕೊಂಡ ಪ್ರತಿಯೊಬ್ಬರನ್ನೂ, “ಜೋಮು ಆಹೆ ಕಾ?” ಎಂದು ಅವರೇ ಕೇಳುತ್ತಾರೆ.

ಭೀಮಣ್ಣನಿಗೆ ಮೇಲಿನಿಂದ ಒಂದು ಮೆಮೊ ಬಂತು. ಕರ್ತವ್ಯದಲ್ಲಿ ಕಸೂರು ಮಾಡಿದ್ದಕ್ಕೆ ಕಾರಣ ತಿಳಿಸತಕ್ಕದ್ದು. ಮಾತು ತಿಳಿಸುವುದು ಅವರ ಕರ್ತವ್ಯದ ಯಾದಿಯಲ್ಲೇ ಇಲ್ಲ ಎಂದು ಬರೆದರೆ ಸಾಕು ಎಂದು ಸಾತಲಿಂಗಪ್ಪನವರು ಸಲಹೆ ಕೊಟ್ಟರು. ಭೀಮಣ್ಣ ಕಾರಕೂನರಿಂದ ಬರೆಸಿ ಸಹಿ ಮಾಡಿದ ಉತ್ತರದಲ್ಲಿ ಎರಡೇ ಸಾಲು ಇವೆ. ಪೂರ್ತಿ ಹೇಳಲಿಲ್ಲ, ಹೌದು. ಇನ್ನು ಮುಂದೆ ಪೂರ್ತಿ ಹೇಳುತ್ತೇನೆ. ಆ ಕಾಗದದ ಮೇಲೆ ನಿರ್ಣಯ ಇನ್ನೂ ಆಗಿಲ್ಲ. ಈ ವರ್ಷ ಬರಬೇಕಿದ್ದ ಡ್ರೆಸ್ಸರ್ ಹುದ್ದೆ ಅದರಿಂದಾಗಿ ನಿಂತಿದೆ. “ನಿಲ್ಲಲಿ ಬಿಡ್ರಿ. ತುಕಾರಾಮಂದು ಕಾಲ ನಿಂತೈತಿ, ನಂದು ಹುದ್ದೆ ನಿಂತೈತಿ. ಅಂವಂದ ದೊಡ್ಡದು.” ಸುಗಲಾಬಾಯಿ ಮಾತ್ರ ಇದನ್ನು ಒಪ್ಪುವುದಿಲ್ಲ. “ಖರೇ ಹೇಳಿದವರಿಗೆ ತಿಗಣಿ ಕಡ್ಯಾಂಗಿಲ್ಲ ಅಂತಾನ. ಹಂಗಾರ ಈ ಮೆಮೊ ಏನು?” ಎಂದು ಕೇಳಿ, ನಗುತ್ತ ಒಳಗೆ ಹೋಗುತ್ತಾರೆ. ಕಂಬಳಿ ಒಗೆದು ಒಣಗಿಸಿ ವಾರಕ್ಕೊಮ್ಮೆ ಮಡಚಿ ಕೊಡುವವರು ಅವರೇ.

ಮೂವತ್ತನಾಲ್ಕು ತಕರಾರಿನ ವರದಿ ಮುಂಬಯಿಗೆ ಹೋಯಿತು. ಬೇರೆ ಕಡೆಯಿಂದ ಹೋದ ವರದಿಗಳಲ್ಲಿ ಹೆಚ್ಚಿನವು ಒಂದೆರಡು ಸಾಲಿನವು ಎಂದು ಸಾತಲಿಂಗಪ್ಪನವರಿಗೆ ತಿಳಿದುಬಂದಿದೆ. ಸದಸ್ಯರು ತಮ್ಮ ಕರಡನ್ನು ತಿದ್ದಿ ಒಂದು ಕಲಮು ಕೂಡಿಸಿದ್ದಾರೆ. ರೋಗಿ ಹೇಳಿದ ಮಾತನ್ನು ಅವನ ಭಾಷೆಯಲ್ಲಿಯೇ ಕೇಳಿಸಿಕೊಂಡು, ಅವನು ಹೇಳಿದಷ್ಟನ್ನೂ, ಬಿಡದೆ, ಬರೆದುಕೊಳ್ಳತಕ್ಕದ್ದು. ತಿಳಿಸುವವನು ಅದನ್ನು ಕಡಿಮೆ ಮಾಡತಕ್ಕದ್ದಲ್ಲ. ಮಸೂದೆ ಮಂಡನೆಯಾಗಿದೆ, ಚರ್ಚೆಗೆ ದಿನ ಗೊತ್ತಾಗಿಲ್ಲ. ಖಾಸಗಿ ಮಸೂದೆಗಳು ಕಾಯ್ದೆಯಾಗುವುದು ಅಪರೂಪ ಎಂದು ತಿಳಿದವರು ಹೇಳುತ್ತಾರೆ. ಆ ಮಾತನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಸಾತಲಿಂಗಪ್ಪನವರು ಟೈಪಾದ ಕರಡನ್ನು ತಂದು ಹುಣಸೆ ಮರದ ಕೆಳಗೆ ಕನ್ನಡದಲ್ಲಿ ಓದಿ ಹೇಳಿದರು. ಎಲ್ಲರೂ ಕಿವಿಗೊಟ್ಟು ಕೇಳಿದರು. ಮುಗಿದ ಮೇಲೆ ಭೀಮಣ್ಣ ಒಂದೇ ಪ್ರಶ್ನೆ ಕೇಳಿದರು. “ಇದರಾಗ ಪೇಶಂಟ್ ಎಲ್ಲಿ ಕುಂಡ್ರತಾನ್ರಿ?” ಕರಡಿನ ಹನ್ನೊಂದು ಪುಟದಲ್ಲಿ ಎಲ್ಲಿಯೂ ಅದು ಇರಲಿಲ್ಲ. ಸಾತಲಿಂಗಪ್ಪನವರು ಮುಂಬಯಿಗೆ ಪತ್ರ ಬರೆದರು. ಪೀಠೋಪಕರಣ ಕಾಯ್ದೆಯ ವಿಷಯವಲ್ಲ ಎಂದು ಕಚೇರಿಯಿಂದ ಉತ್ತರ ಬಂತು.

“ನಾ ಕುರ್ಚಿ ಕೇಳಿಲ್ರಿ. ಕುಂಡ್ರೂದು ಕೇಳೀನಿ,” ಎನ್ನುತ್ತಾರೆ ಭೀಮಣ್ಣ. “ನಿಂತಾಂವ ಹೋಗಾಕ ನಿಂತಿರತಾನ. ಅರ್ಧಾ ಹೇಳಿ ಹೋಗತಾನ. ಡಾಕ್ಟರು ಕುಂತಿರತಾರ, ಪೇಶಂಟ್ ನಿಂತಿರತಾನ, ನಡುವ ನಾ ನಿಂತಿರತೀನಿ. ಅಲ್ಲೇ ಮಾತು ಸಣ್ಣ ಆಗತೈತಿ. ಕಾಯ್ದಾದಾಗ ಒಂದ ವಳಿ ಹಾಕಿದ್ರ ಸಾಕು, ಪೇಶಂಟ್ ಕುಂತ ಮಾತಾಡಬೇಕು ಅಂತ. ನನ್ನ ಹೆಸರ ಬ್ಯಾಡ.”

ಆ ಸಾಲು ಬರುವ ಮೊದಲೇ ಡಾಕ್ಟರ ಟೇಬಲ್ಲಿನ ಎದುರಿಗೆ ಒಂದು ಸ್ಟೂಲು ಬಂದಿದೆ. ಡಾಕ್ಟರೇ ಬಡಿಗನಿಗೆ ಹೇಳಿ ಮಾಡಿಸಿದ್ದು. ಹೊತ್ತು ಏರಿದೆ, ಭೀಮಣ್ಣ ಕಂಬಳಿ ಮಡಚಿ ಬಗಲಿಗೆ ಹಾಕಿಕೊಂಡು ಒಳಗೆ ಹೊರಡುತ್ತಾರೆ. ಬಾಗಿಲ ಹತ್ತಿರ ನಿಂತು, ಹೇಳಲೋ ಬೇಡವೋ ಎಂಬಂತೆ, ಒಂದು ಮಾತು ಹೇಳುತ್ತಾರೆ.

“ಮೊನ್ನೆ ಜನಾಬಾಯಿ ತನ್ನ ಕೆಮ್ಮಿಗೆ ಅಂತ ಬಂದಿದ್ದಳ್ರಿ. ಸ್ಟೂಲಿನ ಮ್ಯಾಲ ಕುಂತ ಎಲ್ಲಾ ಹೇಳಿದಳು. ನಾ ಮರಾಠ್ಯಾಗ ಹೇಳಾಕ ಹತ್ತಿದ್ನಿ. ಈ ಸಲ ಆಕಿ ನನ್ನ ಮಾರಿ ನೋಡಲೇ ಇಲ್ರಿ. ಡಾಕ್ಟರನ್ನ ನೋಡಕೋತ ಕುಂತಿದ್ದಳು.”